ಕುಂಕುಮ ಕೊಟ್ಟು ಕರೆಯದ ಅಣ್ಣ ಮತ್ತು ನಾಲ್ಕು ಪ್ರಶ್ನೆಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾರ್‌ಸ್ಟೋ ಅಂತ ಒಂದು ಊರಿದೆ. ಮರುಭೂಮಿಯ ಊರು. ಬೈರನ್ ಕೇಟಿ ಎಂಬ ಹೆಣ್ಣುಮಗಳು ಅಲ್ಲಿದ್ದರು. ವರ್ಷಗಟ್ಟಲೆ ಖಿನ್ನತೆ. ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಗಿತ್ತು. 1986ರಲ್ಲಿ, 43ನೇ ವಯಸ್ಸಿನಲ್ಲಿ, ಹೆಂಗಸರ ಆರೈಕೆ ಕೇಂದ್ರವೊಂದಕ್ಕೆ ಸೇರಿದರು. ಮಂಚದ ಮೇಲೆ ಮಲಗುವ ಯೋಗ್ಯತೆಯೂ ತನಗಿಲ್ಲ ಎಂದುಕೊಂಡು ನೆಲದ ಮೇಲೆ ಮಲಗುತ್ತಿದ್ದರಂತೆ. ಒಂದು ಬೆಳಿಗ್ಗೆ ಕಾಲ ಮೇಲೆ ಜಿರಳೆ ಹರಿದು ಎಚ್ಚರವಾಯಿತು. ಆಗ ಹೊಳೆಯಿತಂತೆ: ನನ್ನ ಯೋಚನೆಗಳನ್ನು ನಂಬಿದಾಗೆಲ್ಲ ನರಳುತ್ತೇನೆ, ನಂಬದಿದ್ದಾಗ ನರಳುವುದಿಲ್ಲ.

ಜಿರಳೆಯಿಂದ ಜ್ಞಾನೋದಯ ಅಂದರೆ ನಗು ಬರುತ್ತದೆ, ಬರಲಿ. ಅವರು ಹೇಳಿಕೊಂಡ ಕತೆ ಅದು. ಆಮೇಲೆ ಅವರು ರೂಪಿಸಿದ ವಿಧಾನ ಮಾತ್ರ ಬಹಳ ಸರಳ, ನಮಗೂ ಉಪಯೋಗಕ್ಕೆ ಬರುವಂಥದ್ದು. ಕಾಡುವ ಯೋಚನೆಯನ್ನು ಕಾಗದದ ಮೇಲೆ ಬರೆಯಬೇಕು. ನಾಲ್ಕು ಪ್ರಶ್ನೆ ಕೇಳಬೇಕು. ಇದು ನಿಜವಾ? ನಿಜ ಅಂತ ಖಚಿತವಾಗಿ ಗೊತ್ತಾ? ಇದನ್ನು ನಂಬಿದಾಗ ನನಗೇನಾಗುತ್ತದೆ, ನಾನು ಹೇಗೆ ನಡೆದುಕೊಳ್ಳುತ್ತೇನೆ? ಈ ಯೋಚನೆ ಇಲ್ಲದಿದ್ದರೆ ನಾನು ಹೇಗಿರುತ್ತಿದ್ದೆ? ಕೊನೆಗೆ ಆ ವಾಕ್ಯವನ್ನೇ ತಿರುಗಿಸಿ ನೋಡಬೇಕು.

ನಮ್ಮ ಮನೆಗಳಲ್ಲಿ ಆಗಾಗ ನಡೆಯುವ ಒಂದು ಸಂಗತಿ ತೆಗೆದುಕೊಳ್ಳೋಣ. ಅಣ್ಣನ ಹೊಸ ಮನೆಯ ಗೃಹಪ್ರವೇಶ. ಅಣ್ಣ ಅತ್ತಿಗೆ ಮನೆಗೆ ಬಂದು, ಕುಂಕುಮ ಕೊಟ್ಟು ಕರೆಯಬೇಕಿತ್ತು. ಬಂದದ್ದು ವಾಟ್ಸಾಪ್‌ನಲ್ಲಿ ಕಾರ್ಡಿನ ಫೋಟೋ. ಕೆಳಗೆ ಕೈಮುಗಿದ ಒಂದು ಚಿತ್ರ. ಅಷ್ಟೇ. ತಂಗಿ ಬರೆಯುತ್ತಾಳೆ: “ಅಣ್ಣ ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ.”

ಬರೆಯುವಾಗ ದೊಡ್ಡವರ ಹಾಗೆ ಬರೆಯಬಾರದು. “ಹೋಗಲಿ, ಅವನಿಗೂ ಕೆಲಸ ಇರುತ್ತೆ” ಅಂತೆಲ್ಲ ಶುರು ಮಾಡಿದರೆ ಒಳಗಿನ ಸಿಟ್ಟು ಒಳಗೇ ಉಳಿಯುತ್ತದೆ. ಹೊಟ್ಟೆಯಲ್ಲಿ ಇದ್ದದ್ದು ಇದ್ದ ಹಾಗೇ ಬರಬೇಕು, ಎಷ್ಟು ಸಣ್ಣತನ ಅನ್ನಿಸಿದರೂ.

ಇದು ನಿಜವಾ? ತಂಗಿ ಹೇಳುತ್ತಾಳೆ: ನಿಜಾನೇ, ಇನ್ನೇನು! ಸರಿ. ಖಚಿತವಾಗಿ ಗೊತ್ತಾ? ಇಲ್ಲಿ ಹೌದು ಅಥವಾ ಇಲ್ಲ, ಎರಡರಲ್ಲಿ ಒಂದೇ ಹೇಳಬೇಕು. “ಹೌದು, ಯಾಕಂದ್ರೆ ಹೋದ ವರ್ಷಾನೂ...” ಅಂತ ಹೊರಟರೆ ವಿಚಾರಣೆ ನಿಂತು ವಕಾಲತ್ತು ಶುರುವಾಗುತ್ತದೆ. ಅಣ್ಣ ಬಂದು ಕರೆಯಲಿಲ್ಲ, ಅದು ನಡೆದದ್ದು. ಲೆಕ್ಕಕ್ಕೆ ಇಟ್ಟಿಲ್ಲ ಅನ್ನುವುದನ್ನು ಅವಳು ಜೋಡಿಸಿದ್ದು.

ನನ್ನ ಮಟ್ಟಿಗೆ ಈ ಪದ್ಧತಿಯ ಜೀವ ಇರುವುದು ಮೂರನೇ ಪ್ರಶ್ನೆಯಲ್ಲಿ. ಆ ವಾಕ್ಯವನ್ನು ನಂಬಿದ ಮೇಲೆ ಏನೇನಾಯಿತು? ಚಿಕ್ಕಮ್ಮನಿಗೆ ಫೋನ್ ಮಾಡಿ, “ನಿಮ್ಮನ್ನ ಮನೆಗೆ ಬಂದು ಕರೆದ್ರಾ?” ಅಂತ ಮೆಲ್ಲಗೆ ವಿಚಾರಿಸಿದ್ದಾಯಿತು. ಕರೆದಿದ್ದಾರೆ ಅಂತ ಗೊತ್ತಾಗಿ ಹೊಟ್ಟೆ ಇನ್ನಷ್ಟು ಉರಿಯಿತು. ಊಟಕ್ಕೆ ಕೂತ ಗಂಡನ ಮೇಲೆ ಸುಮ್ನೆ ಹರಿಹಾಯ್ದದ್ದಾಯಿತು. ರಾತ್ರಿ ನಿದ್ದೆಯಿಲ್ಲದೆ ಹಳೇ ಕಡತಗಳೆಲ್ಲ ಹೊರಗೆ ಬಂದವು. ಅಪ್ಪನ ತಿಥಿಗೆ ಯಾರು ಎಷ್ಟು ಖರ್ಚು ಮಾಡಿದರು, ಗೌರಿ ಹಬ್ಬಕ್ಕೆ ಅಣ್ಣ ಕೊಟ್ಟಿದ್ದು ಬರೀ ಐನೂರು ರೂಪಾಯಿ, ಅಮ್ಮನ ಬಳೆ ಅತ್ತಿಗೆ ಕೈಯಲ್ಲಿ ಯಾಕಿದೆ. ಮಾರನೇ ದಿನ ಅಣ್ಣನೇ ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಇದನ್ನೆಲ್ಲ ಒಂದೊಂದಾಗಿ ಬರೆದರೆ ಪುಟ ತುಂಬುತ್ತದೆ. ಅಣ್ಣ ಮಾಡಿದ್ದು ಒಂದು ಸಾಲು, ಮಿಕ್ಕಿದ್ದೆಲ್ಲ ಆ ಯೋಚನೆ ಮಾಡಿಸಿದ್ದು.

ನಾಲ್ಕನೇ ಪ್ರಶ್ನೆಗೆ ಮೊಬೈಲಿನಲ್ಲಿ ಅದೇ ಕಾರ್ಡ್ ಇರುತ್ತದೆ. ಆ ಯೋಚನೆ ಮಾತ್ರ ಇಲ್ಲ ಅಂದುಕೊಳ್ಳಬೇಕು. ಆಗ ಅವಳು ಫೋಟೋ ದೊಡ್ಡದು ಮಾಡಿ ಮುಹೂರ್ತ ನೋಡುತ್ತಿದ್ದಳೇನೋ. ಅಪ್ಪನ ಹೆಸರು ಹಾಕಿದ್ದಾರಾ ಅಂತ ಹುಡುಕುತ್ತಿದ್ದಳೇನೋ.

ಆಮೇಲೆ ವಾಕ್ಯ ತಿರುಗಿಸುವುದು. “ನಾನು ಅಣ್ಣನನ್ನು ಲೆಕ್ಕಕ್ಕೆ ಇಟ್ಟಿಲ್ಲ.” ಎತ್ತದ ಆ ಎರಡು ಫೋನು ಇಲ್ಲಿ ಎದ್ದು ಬರುತ್ತವೆ. “ಅಣ್ಣ ನನ್ನನ್ನು ಲೆಕ್ಕಕ್ಕೆ ಇಟ್ಟಿದ್ದಾನೆ.” ಇದಕ್ಕೂ ಉದಾಹರಣೆ ಹುಡುಕಬೇಕು. ಹೆರಿಗೆ ಸಮಯದಲ್ಲಿ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವನು ಯಾರು? ನಿಜವಾದ ಉದಾಹರಣೆ ಸಿಗದಿದ್ದರೆ ಆ ತಿರುವನ್ನು ಬಿಟ್ಟುಬಿಡಬೇಕು. ಬಲವಂತವಾಗಿ ಒಪ್ಪಿಕೊಂಡರೆ ಅದು ಇನ್ನೊಂದು ಸುಳ್ಳು.

ಹಾಗಾದರೆ ಬೇಜಾರನ್ನು ನುಂಗಿಕೊಂಡು ಸುಮ್ಮನಿರಬೇಕಾ? ಇಲ್ಲವೇ ಇಲ್ಲ. “ನೀನೂ ಅತ್ತಿಗೇನೂ ಬಂದು ಕರೀಬೇಕಿತ್ತು ಕಣೋ, ನಂಗೆ ತುಂಬಾ ಬೇಜಾರಾಯ್ತು” ಅಂತ ಅವಳು ಧಾರಾಳವಾಗಿ ಹೇಳಬಹುದು. ಈ ಮಾತಿಗೆ ಅಣ್ಣ ಉತ್ತರ ಕೊಡಬಲ್ಲ. “ನೀನು ನನ್ನ ಲೆಕ್ಕಕ್ಕೇ ಇಟ್ಟಿಲ್ಲ” ಅಂದರೆ ಜಗಳ ಬಿಟ್ಟು ಇನ್ನೇನು ಬರುತ್ತದೆ?

ಯೋಚನೆಯನ್ನು ಹೀಗೆ ಪ್ರಶ್ನಿಸುವುದು ಕೇಟಿಯವರಿಂದಲೇ ಶುರುವಾಗಿದ್ದಲ್ಲ. ಅವರಿಗಿಂತ ಮುಂಚೆ, 1960ರ ದಶಕದಲ್ಲಿ, ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ ಖಿನ್ನತೆಯ ರೋಗಿಗಳಲ್ಲಿ ಒಂದನ್ನು ಗಮನಿಸಿದ್ದರು. “ನನ್ನಿಂದ ಏನೂ ಆಗಲ್ಲ”, “ನಾನು ಯಾರಿಗೂ ಬೇಡ” ಎಂಬ ಮಾತುಗಳು ಅವರ ತಲೆಯಲ್ಲಿ ತಾವಾಗಿಯೇ ಹಾದುಹೋಗುತ್ತಿದ್ದವು. ರೋಗಿಗಳು ಅವನ್ನು ಪರೀಕ್ಷೆಯೇ ಮಾಡದೆ ನಂಬುತ್ತಿದ್ದರು. ಬೆಕ್ ಆ ರೋಗಿಗಳನ್ನು ಕೇಳತೊಡಗಿದರು: ಇದಕ್ಕೆ ಆಧಾರ ಏನು? ವಿರುದ್ಧ ಆಧಾರ ಇದೆಯಾ? ಇದರಿಂದ ಬೆಳೆದ ಚಿಕಿತ್ಸೆ ಇವತ್ತು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿದೆ. ಅದನ್ನು ಸಂಶೋಧಕರು ಮತ್ತೆ ಮತ್ತೆ ಒರೆಗೆ ಹಚ್ಚಿದ್ದಾರೆ. ಕೇಟಿ ಡಾಕ್ಟರ್ ಅಲ್ಲ, ಅವರ ಪದ್ಧತಿಯನ್ನು ಔಷಧಿಯ ಜಾಗದಲ್ಲಿ ಇಡಬಾರದು.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. “ಗಂಡ ನನ್ನನ್ನು ಹೊಡೆಯುತ್ತಾನೆ” ಅನ್ನುವುದು ಯೋಚನೆ ಅಲ್ಲ, ನಡೆಯುತ್ತಿರುವ ಅನ್ಯಾಯ. ಅದನ್ನು ತಿರುಗಿಸಿ ತಪ್ಪು ನನ್ನದೇ ಅಂತ ಹುಡುಕುತ್ತಾ ಕೂರಬೇಡಿ. ಯಾರಾದರೂ ಕೂರಿಸಿದರೆ ಎದ್ದು ಬನ್ನಿ. ಮೊದಲು ಸುರಕ್ಷಿತ ಜಾಗ, 112ಕ್ಕೆ ಫೋನು. ಕಾಗದ ಪೆನ್ನು ಆಮೇಲೆ.

ಹಾಗೆಯೇ ವಾರಗಟ್ಟಲೆ ನಿದ್ದೆ ಇಲ್ಲದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಒಬ್ಬರೇ ಪ್ರಶ್ನೆ ಕೇಳಿಕೊಳ್ಳುತ್ತಾ ಇರಬೇಡಿ. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಶುರು ಮಾಡಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಂಬರ್ ಬರೆದುಕೊಳ್ಳಿ: ಒಂದು ನಾಲ್ಕು ನಾಲ್ಕು ಒಂದು ಆರು. ಇನ್ನೊಮ್ಮೆ ಹೇಳುತ್ತೇನೆ, 14416.

ನಮಸ್ಕಾರ.