ಕಾಲಿನ್ ಮೀಡ್ಸ್: ಟೆ ಕುಯಿಟಿಯ ಗಟ್ಟಿ ಆಳು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡ್ತಿರೋದು ನ್ಯೂಜಿಲೆಂಡಿನ ರಗ್ಬಿ ಆಟಗಾರ ಕಾಲಿನ್ ಮೀಡ್ಸ್ ಬಗ್ಗೆ. ನಮ್ಮಲ್ಲಿ ಕ್ರಿಕೆಟ್ ನೋಡೋರಿಗೆ ಈ ಹೆಸರು ಅಷ್ಟಾಗಿ ಕಿವಿಗೆ ಬಿದ್ದಿರಲಿಕ್ಕಿಲ್ಲ, ಆದ್ರೆ ಅವರ ದೇಶದಲ್ಲಿ 1999ರಲ್ಲಿ ಇಡೀ ಶತಮಾನದ ಶ್ರೇಷ್ಠ ಆಟಗಾರ ಯಾರು ಅಂತ ರಗ್ಬಿ ಮಂಡಳಿಯವರು ಆರಿಸಿದಾಗ ಬಂದ ಹೆಸರು ಇದೇ.

ಆಟದ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. ರಗ್ಬಿ ಯೂನಿಯನ್ನಲ್ಲಿ ಒಂದು ಟೀಮಿಗೆ 15 ಜನ, ಅದ್ರಲ್ಲಿ 8 ಜನ ಫಾರ್ವರ್ಡ್ಸ್. ಚೆಂಡನ್ನ ಗೆದ್ದು ತರೋ ಕೆಲಸ ಇವರದ್ದು, ಅದನ್ನ ಹಿಡ್ಕೊಂಡು ಓಡಿ ಚಪ್ಪಾಳೆ ಗಿಟ್ಟಿಸೋರು ಹೆಚ್ಚಾಗಿ ಹಿಂದೆ ನಿಂತಿರೋರು. ಮೀಡ್ಸ್ ಆಡ್ತಿದ್ದಿದ್ದು ಲಾಕ್ ಜಾಗದಲ್ಲಿ, ಅಂದ್ರೆ ಎರಡೂ ಕಡೆಯ ಫಾರ್ವರ್ಡ್ಸ್ ಬಗ್ಗಿ ಒಬ್ಬರನ್ನೊಬ್ಬರು ನೂಕೋ ಸ್ಕ್ರಮ್ಮಿನ ಎರಡನೇ ಸಾಲಲ್ಲಿ ಮುಂದಿನವರಿಗೆ ಹೆಗಲು ಕೊಟ್ಟು ನೂಕಬೇಕು, ಗೆರೆ ಆಚೆ ಹೋದ ಚೆಂಡನ್ನ ಮತ್ತೆ ಒಳಗೆ ಎಸೆಯೋ ಲೈನ್‌ಔಟಲ್ಲಿ ಎಗರಿ ಚೆಂಡು ಹಿಡೀಬೇಕು. ಈಗ ಜೊತೆಗಾರರು ಎತ್ತಿ ಹಿಡೀತಾರೆ, ಆಗ ಹಾಗೆ ಎತ್ತೋ ಹಾಗಿರಲಿಲ್ಲ, ಎಷ್ಟೆತ್ತರ ಎಗರಿದ್ರೂ ಸ್ವಂತ ಕಾಲಿನ ಬಲದ ಮೇಲೇ.

ಹುಟ್ಟಿದ್ದು 1936ರಲ್ಲಿ, ವೈಕಾಟೋ ಸೀಮೆಯ ಕೇಂಬ್ರಿಡ್ಜ್ ಅನ್ನೋ ಊರಲ್ಲಿ. ಬೆಳೆದಿದ್ದು, ಬಾಳಿದ್ದು ಎಲ್ಲ ಕಿಂಗ್ ಕಂಟ್ರಿಯ ಟೆ ಕುಯಿಟಿ ಹತ್ರ, ಕುರಿ ಸಾಕೋ ಗುಡ್ಡಗಾಡು. ಅಣ್ಣತಮ್ಮಂದಿರಿಬ್ಬರೂ, ಅಂದ್ರೆ ಕಾಲಿನ್ ಮತ್ತು ತಮ್ಮ ಸ್ಟ್ಯಾನ್, ದೇಶಕ್ಕೆ ಆಡಿದ್ರು, 1966ರಲ್ಲಿ ಬ್ರಿಟನ್, ಐರ್ಲೆಂಡಿನ ಆಟಗಾರರು ಸೇರಿದ ಬ್ರಿಟಿಷ್ ಲಯನ್ಸ್ ತಂಡ ಬಂದು ನಾಲ್ಕಕ್ಕೆ ನಾಲ್ಕೂ ಟೆಸ್ಟ್ (ರಗ್ಬಿಲಿ ಅಂತರರಾಷ್ಟ್ರೀಯ ಮ್ಯಾಚಿಗೆ ಹಾಗಂತಾರೆ) ಸೋತು ಹೋದಾಗ ಎರಡನೇ ಸಾಲಲ್ಲಿ ಇವರಿಬ್ಬರೂ ಇದ್ರು. ಆಗ ರಗ್ಬಿ ಪೂರ್ತಿ ಅಮೆಚೂರ್ ಆಟ, ದುಡ್ಡಿಲ್ಲ. ತಿಂಗಳುಗಟ್ಟಲೆ ಟೂರ್ ಹೋದ್ರೆ ಫಾರ್ಮ್ ಕೆಲಸ ಮನೆಯವರ ಮೇಲೆ ಬೀಳ್ತಿತ್ತು, ಹೆಂಡತಿ ವರ್ನಾ ಐದು ಮಕ್ಕಳನ್ನ ನೋಡ್ಕೊಂಡು ಅದನ್ನೆಲ್ಲ ಸಂಭಾಳಿಸಿದ್ದನ್ನ ಹೇಳದೆ ಈ ಕಥೆ ಹೇಳೋದು ನ್ಯಾಯ ಅಲ್ಲ.

ಎರಡೂ ಕಂಕುಳಲ್ಲಿ ಒಂದೊಂದು ಕುರಿ ಇರುಕಿಕೊಂಡು ಗುಡ್ಡದ ಮೇಲೆ ಓಡಿ ಪ್ರಾಕ್ಟೀಸ್ ಮಾಡ್ತಿದ್ರು ಅನ್ನೋ ಮಾತು ಅಲ್ಲಿ ಮನೆಮಾತು. ಕುರಿ ಹಿಡ್ಕೊಂಡಿರೋ ಫೋಟೋ ಇರೋದು ನಿಜ, ನನಗನ್ನಿಸೋದು ಅದು ಪ್ರಾಕ್ಟೀಸ್ ಅಲ್ಲ, ಬರೀ ದಿನದ ಕೆಲಸ. ಆದ್ರೆ ಆ ಮೈ ಕಟ್ಟು ಬಂದಿದ್ದು ಬೇಲಿ ಕಂಬ ನೆಟ್ಟು, ಕುರಿ ಎತ್ತಿ, ಗುಡ್ಡ ಹತ್ತಿ ಇಳಿದೇ. ಪೈನ್‌ಟ್ರೀ ಅಂತ ಅಡ್ಡಹೆಸರು, 1958ರಲ್ಲಿ 23 ವರ್ಷದೊಳಗಿನವರ ತಂಡದ ಜೊತೆ ಜಪಾನಿಗೆ ಹೋದಾಗ ಸಹ ಆಟಗಾರ ಕೆವಿನ್ ಬ್ರಿಸ್ಕೋ ಇಟ್ಟಿದ್ದು, ಸಾಯೋವರೆಗೂ ಬಿಡಲಿಲ್ಲ ಆ ಹೆಸರು.

1957ರಿಂದ 1971ರವರೆಗೆ ಆಲ್ ಬ್ಲ್ಯಾಕ್ಸ್, ಅಂದ್ರೆ ನ್ಯೂಜಿಲೆಂಡ್ ರಾಷ್ಟ್ರೀಯ ತಂಡದ ಪರ 133 ಮ್ಯಾಚ್, ಅದ್ರಲ್ಲಿ 55 ಟೆಸ್ಟ್. ಟೆಸ್ಟ್ ಅಪರೂಪವಾಗಿದ್ದ ಕಾಲದ ಲೆಕ್ಕ ಇದು. ಬಹಳ ವರ್ಷ ಆದ್ಮೇಲೆ ರಿಚೀ ಮೆಕಾ ಬಂದು ಆ 133 ದಾಟಿದ್ದು.

ಎಲ್ಲರೂ ಹೇಳೋ ಪ್ರಸಂಗ 1970ರದ್ದು. ದಕ್ಷಿಣ ಆಫ್ರಿಕಾದಲ್ಲಿ ಈಸ್ಟರ್ನ್ ಟ್ರಾನ್ಸ್‌ವಾಲ್ ವಿರುದ್ಧದ ಮ್ಯಾಚಲ್ಲಿ ಇವರ ತೋಳಿನ ಮೂಳೆ ಮುರೀತು, ಮುರಿದ ಮೇಲೂ ಮೈದಾನ ಬಿಡದೆ ಕೊನೇವರೆಗೂ ಆಡಿದ್ರು, ಡಾಕ್ಟ್ರು ಮುರಿದಿದೆ ಅಂದಾಗ ಸದ್ಯ ಮ್ಯಾಚಾದ್ರೂ ಗೆದ್ವಲ್ಲ ಅಂದ್ರಂತೆ. ಮೊದಲ ಎರಡು ಟೆಸ್ಟ್ ಇವರಿಗೆ ಆಡೋಕಾಗಲಿಲ್ಲ, ಮೂರನೇದಕ್ಕೆ ತೋಳಿಗೆ ಗಾರ್ಡ್ ಕಟ್ಕೊಂಡು ವಾಪಸ್ ಬಂದ್ರು. ಸರಣಿ ಮಾತ್ರ 3-1ಕ್ಕೆ ಸೋತ್ರು. ಇಷ್ಟು ಕೇಳಿದ್ರೆ ಯಾರಿಗಾದ್ರೂ ಮೈ ಜುಮ್ ಅನ್ನತ್ತೆ, ನನಗೂ ಅನ್ನತ್ತೆ. ಆದ್ರೆ ಗಟ್ಟಿತನ ಅನ್ನೋದು ತನ್ನ ನೋವು ನುಂಗೋದ್ರಲ್ಲಿ ಮಾತ್ರ ಇರೋದಲ್ಲ, ಅದು ಎದುರಿಗೆ ಬಂದವರ ಮೇಲೂ ಬೀಳತ್ತೆ, ಮೀಡ್ಸ್ ಬಗ್ಗೆ ಮಾತಾಡೋರು ಅದನ್ನ ಹಾರಿಸಿಬಿಡೋದು ನನಗೆ ಒಪ್ಪಿಗೆ ಇಲ್ಲ.

1968, ಸಿಡ್ನಿ. ಆಸ್ಟ್ರೇಲಿಯಾದ ಕ್ಯಾಪ್ಟನ್ ಕೆನ್ ಕ್ಯಾಚ್‌ಪೋಲ್, ಚಿಕ್ಕ ಆಳು, ಅದ್ಭುತ ಸ್ಕ್ರಮ್ ಹಾಫ್, ಅಂದ್ರೆ ಫಾರ್ವರ್ಡ್ಸ್ ಗೆದ್ದ ಚೆಂಡನ್ನ ಹಿಂದಿನವರಿಗೆ ದಾಟಿಸೋನು. ಜನರ ರಾಶಿ ಅಡಿ ಸಿಕ್ಕಿಬಿದ್ದಿದ್ದಾಗ ಹೊರಗೆ ಚಾಚಿದ್ದ ಅವರ ಕಾಲನ್ನ ಮೀಡ್ಸ್ ಹಿಡಿದು ಎಳೆದ್ರು. ಇನ್ನೊಂದು ಕಾಲು ಒಳಗೆ ಸಿಕ್ಕಿಹಾಕ್ಕೊಂಡಿತ್ತು. ತೊಡೆಯ ಹಿಂಭಾಗದ ಸ್ನಾಯು ಹರಿದು ಹೋಯ್ತು, 29ರ ಹತ್ರದ ಆ ಹುಡುಗ ಮತ್ತೆ ಟೆಸ್ಟ್ ಆಡಲೇ ಇಲ್ಲ. ಇನ್ನೊಂದು ಕಾಲು ಸಿಕ್ಕಿರೋದು ತಮಗೆ ಗೊತ್ತಿರಲಿಲ್ಲ ಅಂದ್ರು ಮೀಡ್ಸ್. ನಾನು ಅದನ್ನ ನಂಬ್ತೀನಿ, ಆದ್ರೂ ಆ ಕೈಯಲ್ಲಿ ಅಷ್ಟು ಬಲ ಇಟ್ಕೊಂಡೋರು ಇನ್ನಷ್ಟು ನೋಡ್ಬೇಕಿತ್ತು.

ಅದಕ್ಕೆ ಹಿಂದಿನ ವರ್ಷ, 1967ರ ಡಿಸೆಂಬರ್, ಎಡಿನ್‌ಬರೋದ ಮರೀಫೀಲ್ಡ್. ಸ್ಕಾಟ್ಲೆಂಡ್ ವಿರುದ್ಧ ಮ್ಯಾಚ್ ಮುಗಿಯೋಕೆ ಬಂದಿದ್ದಾಗ ಚೆಂಡಿಗೆ ಕಾಲು ಬೀಸಿದ್ರು, ಪಕ್ಕದಲ್ಲೇ ಸ್ಕಾಟ್ಲೆಂಡಿನ ಡೇವಿಡ್ ಚಿಶಮ್ ಬಗ್ಗಿದ್ರು, ಐರಿಶ್ ರೆಫರಿ ಕೆವಿನ್ ಕೆಲ್ಲಹರ್ ಆಗ್ಲೇ ಒಮ್ಮೆ ಎಚ್ಚರಿಕೆ ಕೊಟ್ಟಿದ್ದೋರು ಹೊರಗೆ ಕಳಿಸಿಯೇ ಬಿಟ್ರು. ಟೆಸ್ಟಲ್ಲಿ ಹಾಗೆ ಹೊರಗೆ ಹೋದ ಎರಡನೇ ಆಲ್ ಬ್ಲ್ಯಾಕ್ ಇವರು, ಮೊದಲನೆಯವರು 1925ರ ಸಿರಿಲ್ ಬ್ರೌನ್ಲಿ. ಎರಡು ಮ್ಯಾಚ್ ಸಸ್ಪೆನ್ಶನ್ ಬಂತು. ದೇಶದ ಜನಕ್ಕೆ ವಿಪರೀತ ಸಿಟ್ಟು, ಆದ್ರೆ ಮೀಡ್ಸ್ ಆ ಸಿಟ್ಟನ್ನ ಕಟ್ಕೊಂಡು ಕೂರಲಿಲ್ಲ, ಮುಂದೆ ಎಷ್ಟೋ ವರ್ಷ ಅವರೂ ಆ ರೆಫರಿನೂ ಒಬ್ಬರಿಗೊಬ್ಬರು ಕ್ರಿಸ್‌ಮಸ್ ಕಾರ್ಡ್ ಕಳಿಸ್ಕೊಳ್ತಿದ್ರು. ನನಗೆ ಮನುಷ್ಯ ಹಿಡಿಸಿದ್ದು ಇಲ್ಲಿ.

ದಕ್ಷಿಣ ಆಫ್ರಿಕಾ ವಿಷಯದಲ್ಲಿ ಮಾತ್ರ ಮನಸ್ಸು ಒಪ್ಪಲ್ಲ. 1960ರಲ್ಲಿ, ಅಲ್ಲಿನ ವರ್ಣಭೇದಕ್ಕೆ ಮಣಿದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಆಟಗಾರರನ್ನ ಬಿಟ್ಟು ತಂಡ ಕಳಿಸ್ಬಾರ್ದು ಅಂತ ನ್ಯೂಜಿಲೆಂಡಲ್ಲೇ ದೊಡ್ಡ ಚಳವಳಿ ನಡೀತು, ಆದ್ರೂ ತಂಡ ಹೋಯ್ತು, ಮೀಡ್ಸೂ ಹೋದ್ರು. 1986ರಲ್ಲಿ ಇನ್ನೂ ಮುಂದಕ್ಕೆ ಹೋಗಿ, ವರ್ಣಭೇದ ಜೋರಾಗಿದ್ದಾಗ, ಮಂಡಳಿ ಒಪ್ಪಿಗೆ ಇಲ್ಲದ ಕ್ಯಾವಲಿಯರ್ಸ್ ಅನ್ನೋ ತಂಡಕ್ಕೆ ಕೋಚ್ ಆಗಿ ಅಲ್ಲಿಗೆ ಹೋದ್ರು. ಅವರಿಗೆ ಆಟ ಆಟವೇ, ರಾಜಕೀಯ ಬೇರೆ. ಆದ್ರೆ ಅಲ್ಲಿನ ಕರಿಯರಿಗೆ ಹಾಗೆ ಬೇರೆ ಮಾಡೋ ಅವಕಾಶ ಇರಲಿಲ್ಲ, ಅದು ತಪ್ಪೇ. ಒಂಬತ್ತು ವರ್ಷ ಆದ್ಮೇಲೆ, 1995ರ ವಿಶ್ವಕಪ್ಪಿಗೆ, ಅದೇ ದೇಶಕ್ಕೆ ಆಲ್ ಬ್ಲ್ಯಾಕ್ಸ್ ಮ್ಯಾನೇಜರ್ ಆಗಿ ಹೋದ್ರು, ಅಷ್ಟೊತ್ತಿಗೆ ಮಂಡೇಲಾ ಅಧ್ಯಕ್ಷರಾಗಿದ್ರು.

ದೇಶಕ್ಕೆ ಆಡಿದ ಆಟದ ಕೊನೆ ಸೋಲಲ್ಲೇ ಆಯ್ತು. 1971ರಲ್ಲಿ 35ರ ವಯಸ್ಸಲ್ಲಿ ಕ್ಯಾಪ್ಟನ್, ಲಯನ್ಸ್ ವಿರುದ್ಧ ಎರಡು ಸೋಲು, ಒಂದು ಗೆಲುವು, ಒಂದು ಡ್ರಾ. ಅದೇ ವರ್ಷದ ಕೊನೇಲಿ ಲ್ಯಾಂಡ್ ರೋವರ್ ಮಗುಚಿ ಬೆನ್ನುಮೂಳೆ ಮುರೀತು. ಹುಷಾರಾಗಿ ಮತ್ತೆ ಆಡಿದ್ರು ಅಂದ್ರೆ ನೀವೇ ಅಂದಾಜು ಮಾಡಿ.

ಆಮೇಲಿನ ದಿನಗಳಲ್ಲಿ ಬೌದ್ಧಿಕ ವೈಕಲ್ಯ ಇರೋರಿಗಾಗಿ ಐಎಚ್‌ಸಿ ಸಂಸ್ಥೆ ಮೂಲಕ ದಶಕಗಟ್ಟಲೆ ಹಣ ಒಟ್ಟುಮಾಡಿದ್ರು, ಊರೂರಿನ ಕ್ಲಬ್ಬಿಗೆ ಹೋಗಿ ಭಾಷಣ ಮಾಡಿದ್ರು, 2009ರಲ್ಲಿ ಸರ್ ಆದ್ರು. 2016ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಗೊತ್ತಾಯ್ತು. 2017ರ ಜೂನಲ್ಲಿ ಟೆ ಕುಯಿಟಿ ಪೇಟೆಯಲ್ಲಿ ಅವರ ಕಂಚಿನ ಪ್ರತಿಮೆ ಅನಾವರಣ ಆದಾಗ ಸೊರಗಿದ ಮೈಯಲ್ಲೇ ಬಂದು ಕೂತಿದ್ರು. ಆಗಸ್ಟ್ 20ಕ್ಕೆ ತೀರ್ಕೊಂಡ್ರು, 81 ವರ್ಷ. ಕ್ಯಾಚ್‌ಪೋಲ್ ಕೂಡ ಅದೇ ವರ್ಷ ಡಿಸೆಂಬರಲ್ಲಿ ಹೋದ್ರು.

ಮೀಡ್ಸ್ ಆಡಿದ ಕಪ್ಪುಬಿಳುಪಿನ ಹಳೇ ವಿಡಿಯೋಗಳು ಇಂಟರ್ನೆಟ್ಟಲ್ಲಿ ಸಿಗ್ತವೆ, ಬಿಡುವಾದಾಗ ನೋಡಿ. ಅಷ್ಟು ದೊಡ್ಡ ಚೆಂಡನ್ನ ಒಂದೇ ಕೈಯಲ್ಲಿ ಹಿಡ್ಕೊಂಡು ಓಡ್ತಾರೆ, ಇನ್ನೊಂದು ಕೈ ಎದುರಿನವರನ್ನ ತಳ್ಳೋಕೆ. ನಮಸ್ಕಾರ.