ಏಳರಿಂದ ಎಂಟಕ್ಕೆ: ಹೈಸ್ಕೂಲಿನ ಮೊದಲ ದಿನಗಳು

[ದೃಶ್ಯ: ಹೋಬಳಿ ಕೇಂದ್ರದ ಬಸ್ ನಿಲ್ದಾಣ, ಸಮವಸ್ತ್ರದಲ್ಲಿ ಮಕ್ಕಳು]

ನಮಸ್ಕಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಎಂಟನೇ ತರಗತಿಯವರೆಗಿನ ಓದನ್ನು ಒಂದೇ ಘಟ್ಟವೆಂದು ಪರಿಗಣಿಸುತ್ತದೆ. ಆದರೂ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಏಳನೇ ತರಗತಿಗೇ ಮುಗಿಯುತ್ತದೆ. ಹೀಗಾಗಿ ಹದಿಮೂರರ ಆಸುಪಾಸಿನ ಮಕ್ಕಳು ಟಿಸಿ ಪಡೆದು, ಪಕ್ಕದ ಊರಿನ ಹೈಸ್ಕೂಲು ಸೇರಬೇಕಾಗುತ್ತದೆ.

ಎಂಟನೇ ತರಗತಿಯ ಪಾಠ ಕಠಿಣ ಎಂಬುದು ಎಲ್ಲರೂ ಹೇಳುವ ಮಾತು. ಅದಕ್ಕಿಂತಲೂ ಮಗುವನ್ನು ಹೆಚ್ಚು ಕಾಡುವುದು ತನ್ನನ್ನು ಬಲ್ಲವರು ಅಲ್ಲಿ ಯಾರೂ ಇಲ್ಲದಿರುವುದು ಎಂದು ನನಗೆ ತೋರುತ್ತದೆ. ಊರಿನ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ವಿಷಯ ಕಲಿಸುತ್ತಾರೆ. ಯಾರ ಮನೆಯಲ್ಲಿ ಕಷ್ಟವಿದೆ, ಯಾರಿಗೆ ಭಾಗಾಕಾರ ಇನ್ನೂ ತಲೆಗೆ ಹತ್ತಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಹೈಸ್ಕೂಲಿನಲ್ಲಿ ಗಂಟೆ ಹೊಡೆದಾಗಲೆಲ್ಲ ಬೇರೆ ಶಿಕ್ಷಕರು ಬರುತ್ತಾರೆ. ವಿಜ್ಞಾನವೊಂದನ್ನೇ ಪಿಸಿಎಂ (ಭೌತ, ರಸಾಯನ, ಗಣಿತ ಓದಿದ) ಮತ್ತು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರು ಹಂಚಿಕೊಳ್ಳುವುದುಂಟು. ನಾಲ್ಕಾರು ಊರುಗಳಿಂದ ಬಂದ ಮಕ್ಕಳ ನಡುವೆ ಹಿಂದಿನ ಬೆಂಚು ಹಿಡಿದು ಸುಮ್ಮನಿದ್ದುಬಿಡುವುದು ಆಗ ಬಹಳ ಸುಲಭ.

[ದೃಶ್ಯ: ಕಪ್ಪು ಹಲಗೆಯ ಮೇಲೆ ಗಣಿತದ ಲೆಕ್ಕ]

ಏಳರವರೆಗೆ ಕನ್ನಡದಲ್ಲಿ ಓದಿ, ಎಂಟಕ್ಕೆ ಆಂಗ್ಲ ಮಾಧ್ಯಮದ ವಿಭಾಗ ಸೇರುವವರ ಪಾಡು ಇನ್ನೂ ಬೇರೆ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಕಂಡುಹಿಡಿಯಲು ಚೆನ್ನಾಗಿ ಬಲ್ಲ ಹುಡುಗಿ, ಅದೇ ಲೆಕ್ಕ ಇಂಗ್ಲಿಷಿನಲ್ಲಿ ಎಲ್‌ಸಿಎಂ ಎಂದು ಬಂದಾಗ ಎದ್ದು ನಿಂತು ತಲೆ ತಗ್ಗಿಸುತ್ತಾಳೆ. ಅವಳಿಗೆ ಲೆಕ್ಕವೇ ಬರುವುದಿಲ್ಲವೆಂದು ತರಗತಿ ತೀರ್ಮಾನಿಸಿಬಿಡುತ್ತದೆ. ಮೊದಲ ತಿಂಗಳುಗಳಲ್ಲಾದರೂ ಕನ್ನಡದಲ್ಲಿ ಉತ್ತರಿಸಲು ಬಿಡದಿರುವುದು, ನನ್ನ ದೃಷ್ಟಿಯಲ್ಲಿ, ಶಿಸ್ತಲ್ಲ, ಅನ್ಯಾಯ.

ದಾರಿಯೂ ಒಂದು ವಿಷಯವೇ. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ 2006-07ರಲ್ಲಿ ಆರಂಭವಾದದ್ದು ಈ ಕಾರಣಕ್ಕೇ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಸಂಜೆಯ ಬಸ್ಸು ತಪ್ಪಿದರೆ ಮಗಳು ಕತ್ತಲಾದ ಮೇಲೆ ಮನೆ ಸೇರುತ್ತಾಳೆ ಎಂಬ ತಂದೆತಾಯಿಯ ಆತಂಕವನ್ನು ಉಚಿತ ಟಿಕೆಟ್ ಕಡಿಮೆ ಮಾಡುವುದಿಲ್ಲ.

[ದೃಶ್ಯ: ಸೇತುಬಂಧ ಪರೀಕ್ಷೆಯ ಉತ್ತರ ಪತ್ರಿಕೆ]

ಹಿಂದಿನ ತರಗತಿಗಳ ಕೊರತೆ ತುಂಬಲು ಶಾಲೆ ತೆರೆದ ಆರಂಭದಲ್ಲಿ ಸೇತುಬಂಧ ನಡೆಯುತ್ತದೆ. ಮೊದಲು ಪೂರ್ವ ಪರೀಕ್ಷೆ, ಬಳಿಕ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಎಂಟನೇ ತರಗತಿಯ ಶಿಕ್ಷಕರಿಗೆ ಹೊಸ ಮಗುವಿನ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆಯಿಲ್ಲ. ಟಿಸಿಯಲ್ಲಿ ಹೆಸರು, ಜನ್ಮದಿನಾಂಕ ಇರುತ್ತವೆಯೇ ಹೊರತು ಮಗುವಿಗೆ ಭಾಗಾಕಾರ ಬರುವುದೋ ಇಲ್ಲವೋ ಎಂಬುದಿರುವುದಿಲ್ಲ. ಅಂಕಗಳನ್ನು ದಾಖಲೆಗೆ ತುಂಬಿ ಮುಗಿಸಿದರೆ ಆ ಸಂದರ್ಭ ಕೈತಪ್ಪುತ್ತದೆ.

ಪಾಲಕರು ಮೊದಲ ಸಭೆಯಲ್ಲಿಯೇ ಪೂರ್ವ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಕೇಳಿ ನೋಡಬೇಕು. ಸಾಧ್ಯವಾದರೆ ಏಳನೇ ತರಗತಿಯ ಶಿಕ್ಷಕರಿಗೂ ಅದನ್ನು ತೋರಿಸಬೇಕು. ಜೊತೆಗೆ ಎನ್‌ಎಂಎಂಎಸ್, ಅಂದರೆ ಕಡಿಮೆ ಆದಾಯದ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ನೀಡುವ ವಿದ್ಯಾರ್ಥಿವೇತನದ ಪರೀಕ್ಷೆಯ ವಿಚಾರವನ್ನೂ ವಿಚಾರಿಸಿಕೊಳ್ಳಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಅದನ್ನು ಬರೆಯಬೇಕಾದದ್ದು ಎಂಟನೇ ತರಗತಿಯಲ್ಲಿಯೇ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಅರ್ಜಿಯನ್ನು ಶಾಲೆಯ ಮೂಲಕವೇ ಸಲ್ಲಿಸಬೇಕಾದ್ದರಿಂದ, ಕೊನೆಯ ದಿನಾಂಕವನ್ನು ಮುಖ್ಯ ಶಿಕ್ಷಕರಿಂದ ಮೊದಲೇ ತಿಳಿದುಕೊಂಡಿರಿ.