ವಿನಮ್ರ: ಯಾರಿಗೆ?

ಕೇಳುಗರಿಗೆ ನಮಸ್ಕಾರ.

ಸನ್ಮಾನ ಸಮಾರಂಭಗಳಲ್ಲಿ ಈಗೀಗ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: “ಈ ಪ್ರಶಸ್ತಿ ನನ್ನನ್ನು ವಿನಮ್ರನನ್ನಾಗಿಸಿದೆ.” ಇಂಗ್ಲಿಷಿನಿಂದ ಹಾಗೆಯೇ ಇಳಿದುಬಂದ ವಾಕ್ಯ ಇದು. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಮನಸ್ಸಿಗಾಗುವುದು ಹಿಗ್ಗು. ಅದನ್ನು ಹಿಗ್ಗು ಎಂದೇ ಹೇಳಬಹುದು.

ವಿನಮ್ರ ಎಂಬುದು ‘ನಮ್’ ಧಾತುವಿನಿಂದ ಬಂದ ಪದ, ಬಾಗು ಎಂದರ್ಥ. ನಮನ, ನಮಸ್ಕಾರ ಅದರ ಒಡಹುಟ್ಟುಗಳು. ಬಾಗುವುದಾದರೆ ಯಾರಿಗಾದರೂ ಬಾಗಬೇಕಲ್ಲ? ಆದ್ದರಿಂದ ಪದ ಬಳಸುವ ಮುನ್ನ ‘ಯಾರಿಗೆ?’ ಎಂದು ಕೇಳಿಕೊಳ್ಳಿ. “ಗುರುಗಳಿಗೆ ವಿನಮ್ರ ಪ್ರಣಾಮ” ಎಂಬಲ್ಲಿ ಉತ್ತರವಿದೆ. “ನಾನು ವಿನಮ್ರ” ಎಂಬಲ್ಲಿ ಇಲ್ಲ. ಅದು ಇನ್ನೊಬ್ಬರು ನಮ್ಮ ಬಗ್ಗೆ ಹೇಳಬೇಕಾದ ಮಾತು.

ವಿನಯ, ವಿನೀತ ಬೇರೆ ಬೇರಿನವು. ಅಲ್ಲಿರುವುದು ‘ನೀ’, ಅಂದರೆ ನಡೆಸು, ಒಯ್ಯು. ಪಳಗಿದ ಕುದುರೆಯನ್ನೂ ಸಂಸ್ಕೃತದಲ್ಲಿ ವಿನೀತ ಎನ್ನುತ್ತಾರೆ. ಕಾಳಿದಾಸನ ದುಷ್ಯಂತ ತಪೋವನಕ್ಕೆ ವಿನೀತ ವೇಷದಲ್ಲೇ ಹೋಗಬೇಕೆಂದು ಒಡವೆ ಕಳಚಿ, ಬಿಲ್ಲನ್ನೂ ತೆಗೆದು ಸಾರಥಿಯ ಕೈಗೆ ಕೊಡುತ್ತಾನೆ. ವಿನಯ ಅಲ್ಲಿ ಕೈಯ ಕೆಲಸ.

ತನ್ನ ಬಲ ಹೇಳಿಕೊಂಡರೆ ವಿನಯ ಕೆಟ್ಟಿತೆಂದು ಹೆದರುವವರು ಗದುಗಿನ ಕುಮಾರವ್ಯಾಸನ ಪೀಠಿಕೆ ನೋಡಬೇಕು. ಊರ ದೇವರು ವೀರನಾರಾಯಣನೇ ಕವಿ, ತಾನು ಲಿಪಿಕಾರ ಎಂದವನೇ “ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ” ಎಂದೂ ಹೇಳುತ್ತಾನೆ. ಕರಡು ಬರೆಯದೆ ನೇರ ಕಾವ್ಯ ಬರೆಯಬಲ್ಲೆ ಎಂಬ ತುಂಬು ಭರವಸೆ ಅದು. ಎರಡೂ ಮಾತು ಒಂದೇ ಬಾಯಿಂದ ಬಂದವು, ಎರಡೂ ನಿಜ.

ಹುಸಿ ವಿನಯ ಕೆಡಿಸುವುದು ಕೆಲಸವನ್ನು. ಹದಿನೈದು ವರ್ಷ ಕಲಿತ ಗಾಯಕಿ “ನನಗೇನು ಬರುತ್ತೆ ಬಿಡಿ” ಎಂದರೆ ಸಂಘಟಕರು ನಾಲ್ಕು ಸಲ ಒತ್ತಾಯಿಸಬೇಕು. ಪಕ್ಕದಲ್ಲಿ ಕೂತ ಎರಡು ವರ್ಷದ ಶಿಷ್ಯೆ ಬಾಯಿ ತೆರೆಯಲೇ ಹೆದರುತ್ತಾಳೆ. “ಒಂದು ಗಂಟೆ ಕೀರ್ತನೆ ಹಾಡಬಲ್ಲೆ, ರಾಗ-ತಾನ-ಪಲ್ಲವಿಯಂಥ ದೀರ್ಘ ವಿಸ್ತಾರಕ್ಕೆ ಇನ್ನೂ ಅಭ್ಯಾಸ ಸಾಲದು” ಎಂದರೆ ಕಾರ್ಯಕ್ರಮದ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ. ಬರುವುದು ಎಷ್ಟು, ಬಾರದ್ದು ಎಷ್ಟು ಎಂದು ಅಳತೆ ಸಮೇತ ಹೇಳುವುದೇ ಸರಿಯಾದ ಕ್ರಮ.

ಕಛೇರಿ ಮುಗಿದ ಮೇಲೆ ಯಾರಾದರೂ “ಬಹಳ ಚೆನ್ನಾಗಿತ್ತು” ಎಂದರೆ “ಅಯ್ಯೋ, ಏನೂ ಇಲ್ಲ” ಎನ್ನಬೇಡಿ. ಅದು ಕೇಳಿದವರ ಕಿವಿಯನ್ನೇ ಸುಳ್ಳು ಮಾಡಿದಂತೆ. “ಸಂತೋಷವಾಯಿತು. ಇವತ್ತಿನ ತನಿ ಆವರ್ತನದಲ್ಲಿ ಮೃದಂಗ ಒಂಟಿಯಾಗಿ ನುಡಿದದ್ದು ಬಹಳ ಸೊಗಸಾಗಿ ಬಂತು. ಮೃದಂಗದವರು ಅಲ್ಲೇ ವಾದ್ಯ ಗವಸಿಗೆ ಹಾಕುತ್ತಿದ್ದಾರೆ, ಅವರಿಗೂ ಒಂದು ಮಾತು ಹೇಳಿ” ಎನ್ನಿ.